ಮೂಲೆ ಕಪ್ಪಾದ ಫೋಟೋ

1986ರ ನವೆಂಬರ್ 11, ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲು. ಹಾನಗಲ್ ಪೊಲೀಸ್ ಠಾಣೆಯ ಕಟ್ಟೆಯ ಮೇಲೆ ದುರಗವ್ವ ಎಂಬ ಹೆಂಗಸು ಬಂದು ಕುಳಿತಳು. ವಯಸ್ಸು ಐವತ್ತರ ಆಸುಪಾಸು. ಠಾಣೆಗೆ ಬರುವವರು ಸಾಮಾನ್ಯವಾಗಿ ಅಳುತ್ತ ಬರುತ್ತಾರೆ, ಇಲ್ಲವೇ ಒದರಾಡುತ್ತ ಬರುತ್ತಾರೆ. ಈಕೆ ಬಸ್ಸಿಗೆ ಕಾಯುವವಳ ಹಾಗೆ ಸೆರಗು ಹೊದ್ದುಕೊಂಡು ಸುಮ್ಮನೆ ಕುಳಿತಿದ್ದಳು. ಹೆಡ್ ಕಾನ್‌ಸ್ಟೇಬಲ್ ಖಲಂದರ ಎರಡು ಸಲ ಬಂದು ವಿಚಾರಿಸಿದ. ಎರಡು ಸಲವೂ ‘ಸಾಹೇಬ್ರು ಬರ್ಲಿ’ ಎಂಬ ಒಂದೇ ಉತ್ತರ.

ಸಾಹೇಬ, ಅಂದರೆ ಸಬ್ ಇನ್ಸ್‌ಪೆಕ್ಟರ್ ವಾದಿರಾಜ, ಒಂಬತ್ತೂವರೆಗೆ ಬಂದ. ಮೂವತ್ತಾರು ವರ್ಷದ, ಮಾತು ಕಡಿಮೆಯ ಮನುಷ್ಯ. ಹದಿನೈದು ದಿನಗಳಿಂದ ಆತ ಠಾಣೆಯಲ್ಲಿ ಯಾರಿಗೂ ಬೈದಿರಲಿಲ್ಲ. ಕಾರಣ ಖಲಂದರನಿಗೆ ಗೊತ್ತಿತ್ತು. ಮದುವೆಯಾದ ಒಂಬತ್ತು ವರ್ಷಕ್ಕೆ, ಎರಡು ಸಲ ಗರ್ಭ ನಿಲ್ಲದೆ ಹೋದ ಮೇಲೆ, ಸಾಹೇಬರ ಹೆಂಡತಿ ಗೋಪಿಕಾಬಾಯಿಗೆ ಮೂರು ತುಂಬಿ ನಾಲ್ಕರಲ್ಲಿ ಬಿದ್ದಿತ್ತು.

ದುರಗವ್ವ ಎದ್ದು ನಿಂತಳು. “ನನ್ನ ಮಗಳನ್ನ ಅಳಿಯ ಕೊಂದಾನ್ರಿ. ಬರ್ಕೋರಿ.”

“ಮಗಳ ಹೆಸರು?”

“ಸಾವಂತ್ರವ್ವ.”

“ಅಳಿಯಂದು?”

“ಚಂದ್ರಪ್ಪ.”

“ಹೆಂಗ ಕೊಂದ?”

“ದವಾಖಾನಿಗೆ ಒಯ್ಯದ ಕೊಂದ್ನಿರಿ.”

ವಾದಿರಾಜ ಪೆನ್ನು ತಡೆದ. ಹಾಗೆ ಕೊಂದವರಿಗೆಂದು ಕಾನೂನಿನಲ್ಲಿ ಬೇರೆ ಕಲಮು ಇಲ್ಲ. ಆದರೂ ಕೇಳುತ್ತ ಹೋದ, ದುರಗವ್ವ ಹೇಳುತ್ತ ಹೋದಳು. ಸಾವಂತ್ರವ್ವ ಏಳು ತಿಂಗಳ ಬಸುರಿ. ಕಳೆದ ತಿಂಗಳು ನೋವಿಲ್ಲದೆ ಎರಡು ಸಲ ರಕ್ತ ಹೋಗಿತ್ತು. ಊರಿಗೆ ಬರುವ ನರ್ಸಬಾಯಿ, ತಡ ಮಾಡದೆ ಹುಬ್ಬಳ್ಳಿಗೆ ಒಯ್ದು ಸ್ಕ್ಯಾನಿಂಗ್ ಮಾಡಿಸಿರಿ ಎಂದು ಚಂದ್ರಪ್ಪನಿಗೆ ಬಿಡಿಸಿ ಹೇಳಿದ್ದಳು. ಆತ ಒಯ್ಯಲಿಲ್ಲ. ನಿನ್ನೆ ಸಂಜೆ ಒಮ್ಮೆಲೇ ರಕ್ತ ಹರಿಯತೊಡಗಿ, ಹಾನಗಲ್ಲಿಗೆ ತರುವಾಗ ಟ್ರ್ಯಾಕ್ಟರಿನಲ್ಲಿಯೇ ಸಾವಂತ್ರವ್ವ ತೀರಿಕೊಂಡಳು. ಹೊಟ್ಟೆಯ ಕೂಸೂ ಹೋಯಿತು. ಇಷ್ಟನ್ನೂ ದುರಗವ್ವ ದನಿ ಏರಿಸದೆ ಹೇಳಿದಳು. ಕೊನೆಗೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಠಾಣೆಯ ಗೋಡೆಗೆ ಒರೆಸಿದಳು.

ಮದುವೆಯಾಗಿ ಏಳು ವರ್ಷದೊಳಗೆ ಸತ್ತ ಹೆಣ್ಣುಮಗಳಾದ್ದರಿಂದ ತಹಶೀಲ್ದಾರರ ಎದುರು ಪಂಚನಾಮೆ ಆಗಬೇಕು. 11-40ಕ್ಕೆ ಸಾವಂತ್ರವ್ವನ ಊರು ಮುಟ್ಟಿದರು. ಚಂದ್ರಪ್ಪ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ. ಇಪ್ಪತ್ತಾರರ ಪ್ರಾಯದವನು. ಕಣ್ಣು ನೆಲದ ಮೇಲಿತ್ತು.

“ಹುಬ್ಬಳ್ಳಿಗೆ ಯಾಕ ಒಯ್ಯಲಿಲ್ಲ?” ವಾದಿರಾಜ ಕೇಳಿದ.

“ಮಷೀನಿಗೆ ತೋರ್ಸೇನ್ರಿ, ಸಾಹೇಬ್ರ.”

“ಯಾವ ಮಷೀನು?”

“ಹೊಟ್ಟಿ ನೋಡೋ ಮಷೀನ್ರಿ. ಹಾನಗಲ್ಲ ಸಂತ್ಯಾಗ ಬಿಳೀ ಮೆಟಡೋರ್ ಬಂದಿತ್ತು. ಹುಬ್ಬಳ್ಳಿ ಡಾಕ್ಟರ ಅಂತ. ಟೀವ್ಯಾಗ ನೋಡಿ, ಕೂಸು ಆರಾಮ ಐತಿ, ಏನೂ ಚಿಂತಿ ಇಲ್ಲ ಅಂದ್ರು. ಹುಬ್ಬಳ್ಳಿ ಡಾಕ್ಟರ ಇಲ್ಲೇ ಬಂದು ನೋಡಿದ ಮ್ಯಾಲೆ ಮತ್ತ ಹುಬ್ಬಳ್ಳಿಗೆ ಯಾಕ ಹೋಗಬೇಕ್ರಿ?”

ಹೇಳುತ್ತಲೇ ಅಂಗಿಯ ಒಳಕಿಸೆಯಿಂದ ಒಂದು ಪೊಟ್ಟಣ ತೆಗೆದ. ಗೊಬ್ಬರದ ಚೀಲದ ಒಳಹಾಳೆ ಕತ್ತರಿಸಿ ಜೋಪಾನವಾಗಿ ಸುತ್ತಿದ್ದ. ಒಳಗೊಂದು ಫೋಟೋ. ಬೀಸಣಿಗೆಯ ಆಕಾರದ ಬೂದು ಬೆಳಕು, ಅದರೊಳಗೆ ಮಲಗಿದ ಕೂಸಿನ ತಲೆ, ಮೂಗು, ಎತ್ತಿ ಹಿಡಿದ ಒಂದು ಕೈ. ಮೇಲಿನ ಎಡಮೂಲೆ ಅಚ್ಚ ಕಪ್ಪು.

ವಾದಿರಾಜ ಫೋಟೋವನ್ನು ಹತ್ತಿರ ತಂದು ಮತ್ತೊಮ್ಮೆ ನೋಡಿದ. ಇಂಥದೇ ಒಂದು ಫೋಟೋ ಅವನ ಮನೆಯ ದೇವರ ಗೂಡಿನಲ್ಲಿತ್ತು. ದೀಪಾವಳಿಗೆಂದು ಶಿಗ್ಗಾಂವಿಯ ತವರಿಗೆ ಹೋಗಿದ್ದ ಗೋಪಿಕಾಬಾಯಿ ಅಲ್ಲಿಯೇ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದಿದ್ದಳು. ಇಂಥ ಫೋಟೋಗಳೆಲ್ಲ ನೋಡಲು ಒಂದೇ ತರಹ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡು, ಫೋಟೋವನ್ನು ಲಕೋಟೆಯಲ್ಲಿ ಹಾಕಿ ಪಂಚರ ಸಹಿ ಮಾಡಿಸಿದ.

ಶವಪರೀಕ್ಷೆ ಮಾಡಿದವರು ಹಾನಗಲ್ ಸರಕಾರಿ ದವಾಖಾನೆಯ ಡಾಕ್ಟರ್ ವಿಮಲಾಬಾಯಿ. ಸಂಜೆ ನಾಲ್ಕೂವರೆಗೆ ಕೈ ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕುಳಿತರು.

“ಮಾಸು ಗರ್ಭದ ಬಾಯಿಗೇ ಅಡ್ಡ ಕೂತಿತ್ತು, ವಾದಿರಾಜ ಅವರ. ಅದಕ್ಕ ನೋವಿಲ್ಲದ ರಕ್ತ ಹೋಗಿದ್ದು. ಖರೇ ಸ್ಕ್ಯಾನಿಂಗ್ ಆಗಿದ್ರ ಅಲ್ಲೇ ಕಾಣಸ್ತಿತ್ತು. ಅಡ್ಮಿಟ್ ಮಾಡ್ಕೊಂಡು, ವ್ಯಾಳ್ಯಾ ನೋಡಿ ಆಪರೇಷನ್ ಮಾಡ್ತಿದ್ರು. ತಾಯಿ ಖಂಡಿತ ಉಳೀತಿದ್ಲು.”

“ಸ್ಕ್ಯಾನಿಂಗ್ ಆಗೇದಂತ, ಬಾಯಾರ.” ವಾದಿರಾಜ ಫೋಟೋ ಮುಂದಿಟ್ಟ.

ಡಾಕ್ಟರ್ ಬಾಯಾರು ಕನ್ನಡಕ ಏರಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಇದು ಏಳು ತಿಂಗಳ ಕೂಸಲ್ಲ. ಭಾಳಂದ್ರ ಐದು. ಮ್ಯಾಲೆ ಮೂಲ್ಯಾಗ ಪೇಶಂಟ್ ಹೆಸರು, ತಾರೀಖು ಮೂಡಿರಬೇಕು. ಇಲ್ಲಿ ಕಪ್ಪದ. ಡಾಕ್ಟರು ಸಹಿ ಮಾಡಿದ ರಿಪೋರ್ಟ್ ಎಲ್ಲದ?”

“ಬರೇ ಫೋಟೋ ಕೊಟ್ಟಾನ.”

“ಜೆಲ್ಲಿ ಹಚ್ಚಿದ್ನಂತೇನು?”

ಹೊರಗೆ ಕುಳಿತಿದ್ದ ಚಂದ್ರಪ್ಪನನ್ನು ಒಳಗೆ ಕರೆದು ಕೇಳಿದರು. ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. “ಏನೂ ಹಚ್ಚಲಿಲ್ರಿ. ಸೀರಿ ಮ್ಯಾಲೇ ನೋಡಿದ್ರು. ಅದಕ್ಕ ನಮ್ಮಕಿ ಒಪ್ಪಿದ್ದು. ಹುಬ್ಬಳ್ಳ್ಯಾಗ ಗಂಡಸರ ಮುಂದ ಹೊಟ್ಟಿ ಬಿಚ್ಚಿಸ್ತಾರ ಅಂತ ಹೆದರಿದ್ಲು. ಈ ಮಷೀನ್ ಮರ್ಯಾದಿಂದ್ ಅಂತ ಎಲ್ಲಾರೂ ಅಂತಿದ್ರು.”

ವಿಮಲಾಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಚಂದ್ರಪ್ಪನಿಗೆ ಹೇಳಿದರೋ ವಾದಿರಾಜನಿಗೆ ಹೇಳಿದರೋ, ಇಬ್ಬರನ್ನೂ ನೋಡದೆ ಹೇಳಿದರು: “ಆ ಮಷೀನು ಶಬ್ದದ ಮ್ಯಾಲೆ ನಡೀತದ. ನಮ್ಮ ಕಿವಿಗೆ ಕೇಳದ ಶಬ್ದ. ಎಕ್ಸರೇ ಹಂಗ ಕಿರಣ ಇಲ್ಲ, ನೋವಿಲ್ಲ. ಆದ್ರ ನಡುವ ಸ್ವಲ್ಪ ಗಾಳಿ ಇದ್ರೂ ಶಬ್ದ ಒಳಗ ಹೋಗೂದಿಲ್ಲ. ಅದಕ್ಕ ಬರೀ ಹೊಟ್ಟಿಗೆ ಜೆಲ್ಲಿ ಹಚ್ಚೇ ನೋಡಬೇಕು. ಸೀರಿ ಮ್ಯಾಲೆ ಬ್ರಹ್ಮದೇವ ಹಿಡದ್ರೂ ಏನೂ ಕಾಣಸೂದಿಲ್ಲ. ಇನ್ನ ದಿವಸ ಕಡಿಮಿ ಇದ್ದವರಿಗೆ ಎರಡು ತಂಬಿಗಿ ನೀರು ಕುಡಿಸಿ, ಉಚ್ಚಿಗೆ ಹೋಗಗೊಡದ ಕೂಡಸ್ತಾರ. ಉಚ್ಚಿ ಚೀಲ ತುಂಬಿದ್ರ ಅದರ ಹಿಂದಿನ ಗರ್ಭ ಛಲೋ ಕಾಣತದ. ಮತ್ತ ಮಷೀನು ಏನರ ಹೇಳ್ಲಿ, ರಕ್ತ ಹೋದ ಬಸುರಿ ಮನ್ಯಾಗ ಕೂಡಬಾರದು. ಇಷ್ಟು ನಾಕು ಮಂದಿಗೆ ಗೊತ್ತಿದ್ರ ಆ ಹುಡಿಗಿ ಉಳೀತಿತ್ತು.”

ಚಂದ್ರಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಅವನ ಹಿಂದೆ ದುರಗವ್ವ ಬಂದು ನಿಂತಿದ್ದನ್ನು ಯಾರೂ ನೋಡಿರಲಿಲ್ಲ. “ಆ ಫೋಟೋ ನಂಗ ಯಾಕ ತೋರಿಸಲಿಲ್ಲೊ?” ಎಂದು ಕೇಳಿದಳು. ಅಳಿಯ ಚೌಕಟ್ಟು ಬಿಟ್ಟು ಹೊರಗೆ ನಡೆದ. ಇಬ್ಬರೂ ಒಂದೇ ಟ್ರ್ಯಾಕ್ಟರಿನಲ್ಲಿ ಹೆಣ ತೆಗೆದುಕೊಂಡು ಊರಿಗೆ ಹೋದರು.

ಸಂಜೆ 7-15ಕ್ಕೆ ಠಾಣೆಯಲ್ಲಿ ಅಪರಾಧ ಸಂಖ್ಯೆ 143/86 ಎಂದು ಎಫ್‌ಐಆರ್ ದಾಖಲಾಯಿತು. ಸೋಗು, ಮೋಸ, ನಿರ್ಲಕ್ಷ್ಯದಿಂದ ಸಾವು: ಭಾರತ ದಂಡ ಸಂಹಿತೆಯ ಕಲಮು 419, 420, 304-ಎ. ಆರೋಪಿ: ಹೆಸರು ವಿಳಾಸ ತಿಳಿಯದವನು.

ಮನೆಗೆ ಹೋಗುವ ದಾರಿಯಲ್ಲಿ ವಾದಿರಾಜನ ಕಾಲುಗಳು ಎಂದಿನ ಹಾಗೇ ನಡೆದವು. ದೀಪವಿಲ್ಲದ ಸೈಕಲ್ಲಿನವನನ್ನು ನಿಲ್ಲಿಸಿ ಅಪ್ಪನ ಹೆಸರು ಸಮೇತ ಬರೆದುಕೊಳ್ಳುವ ಪಿಎಸ್‌ಐ ಆತ. ಆದರೆ ಹೆಂಡತಿ ಫೋಟೋ ತಂದು ತೋರಿಸಿದಾಗ ಆ ಡಾಕ್ಟರನ ಹೆಸರೇನು ಎಂದು ಕೇಳಿರಲಿಲ್ಲ. ಖುಷಿಯಾಗಿದ್ದ, ಕೇಳಲಿಲ್ಲ, ಅಷ್ಟೇ.

ಗೋಪಿಕಾಬಾಯಿ ದೇವರ ಮುಂದೆ ದೀಪ ಹಚ್ಚುತ್ತಿದ್ದಳು. ಗೂಡಿನೊಳಗೆ, ಸಾಲಿಗ್ರಾಮದ ಪೆಟ್ಟಿಗೆಯ ಪಕ್ಕದಲ್ಲಿ, ಫೋಟೋ ಗೋಡೆಗೆ ಒರಗಿತ್ತು. ಎಡಮೂಲೆ ಕಪ್ಪು. ಕೂಸಿನ ಹಣೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ. ಅದನ್ನು ತೋರಿಸಿ ‘ಹೊಟ್ಟ್ಯಾಗಿಂದನ ಗೋಪೀಚಂದನ ಹಚ್ಚಿಕೊಂಡು ಬರಾಕತ್ತದ ನೋಡ್ರಿ’ ಎಂದು ಆಕೆ ನಕ್ಕಿದ್ದಳು. ವಾದಿರಾಜ ಲಕೋಟೆಯಿಂದ ಸಾವಂತ್ರವ್ವನ ಫೋಟೋ ತೆಗೆದು ದೀಪದ ಬೆಳಕಿಗೆ ಹಿಡಿದ. ಅದರ ಹಣೆಯ ಮೇಲೂ ಗೋಪೀಚಂದನವಿತ್ತು.

“ಗೋಪೀ, ಶಿಗ್ಗಾಂವ್ಯಾಗ ಹೆಂಗ ನೋಡಿದ್ರು? ಸೀರಿ ಮ್ಯಾಲೋ?”

“ಹೂಂ. ಯಾಕ್ರಿ?”

“ಮೊದಲ ನೀರು ಕುಡಿಸಿದ್ರೇನು?”

“ಅವತ್ತು ಏಕಾದಶಿ ಅಲ್ಲೇನ್ರಿ? ಬಸರೀಗೆ ಮಾಫಿ ಅದ ಅಂತ ಅವ್ವ ಹೇಳಿದ್ರೂ ನಾ ಕೇಳಲಿಲ್ಲ. ಒಂದು ಹನಿ ನೀರೂ ಬಾಯಿಗೆ ಹಾಕಿದ್ದಿಲ್ಲ. ನಿರಾಹಾರ ಇದ್ದದ್ದಕ್ಕ ಕೂಸು ಇಷ್ಟು ಛಲೋ ಕಾಣಸ್ತು ಅಂತ ನಾ ತಿಳಕೊಂಡೀನಿ.”

ವಾದಿರಾಜ ಎರಡೂ ಫೋಟೋಗಳನ್ನು ಆಕೆಯ ಮುಂದೆ ನೆಲದ ಮೇಲಿಟ್ಟ. ಗೋಪಿಕಾಬಾಯಿ ಬಹಳ ಹೊತ್ತು ನೋಡಿದಳು. ಒಂದರ ಮೇಲೆ ಬೆರಳಿಟ್ಟಳು, ಮತ್ತೊಂದರ ಮೇಲೆ ಬೆರಳಿಟ್ಟಳು.

“ಅಕಿ ಎಲ್ಲಿದ್ದಾಳ? ಈ ಎರಡನೇ ಫೋಟೋದಕಿ?”

“ನಿನ್ನೆ ಹೋದ್ಲು.”

ಆಕೆ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಲಿಲ್ಲ. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. “ಹಂಗಾರ ನಂದು ಹೆಂಗದ ಅಂತ ಯಾರಿಗೂ ಗೊತ್ತಿಲ್ಲ,” ಎಂದಳು.

“ನಾಳೆ ಹುಬ್ಬಳ್ಳಿಗೆ ಹೋಗೂಣು.”

“ಮೊದಲ ಅವನ್ನ ಹಿಡೀರಿ. ಇನ್ನೂ ಎಷ್ಟು ಮಂದಿ ಸಾಲು ಹಚ್ಚ್ಯಾರೋ ಏನೋ. ನಾಕು ದಿವಸದಾಗ ನಂದೇನೂ ಹೆಚ್ಚುಕಡಿಮಿ ಆಗೂದಿಲ್ಲ. ಆಗೂದಿದ್ರ ಆಗಿ ಹೋಗಿರತದ.”

ವಾದಿರಾಜ ಹೂಂ ಎಂದ. ಕರ್ತವ್ಯ ಮೊದಲು ಎಂದು ಒಪ್ಪಿದ್ದಲ್ಲ. ಹೆದರಿಕೆಯಿಂದ ಒಪ್ಪಿದ್ದು. ಹುಬ್ಬಳ್ಳಿಗೆ ಹೋಗದಿದ್ದಷ್ಟು ದಿನ ಕೂಸು ಇದೆ ಎಂದೇ ಇಟ್ಟುಕೊಳ್ಳಬಹುದಿತ್ತು.

ಮರುದಿನ ಬೆಳಿಗ್ಗೆ ಸರ್ಕಲ್ ಇನ್ಸ್‌ಪೆಕ್ಟರರಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ವರದಿ ಒಪ್ಪಿಸಿದ. ‘ತನಿಖಾ ನೀವೇ ನಡಸ್ರಿ, ಹೆಂಡತಿ ಹೇಳಿಕಿ ಮಾತ್ರ ನಿಮ್ಮ ಕೈಲೆ ಬರೀಬ್ಯಾಡ್ರಿ’ ಎಂದು ಅಪ್ಪಣೆಯಾಯಿತು. ಹಾಗಾಗಿ ಹತ್ತೂವರೆಗೆ ಖಲಂದರ ಇಬ್ಬರು ಪಂಚರನ್ನು ಕರೆದುಕೊಂಡು ಸಾಹೇಬರ ಮನೆಗೇ ಹೋದ. ಟೊಪ್ಪಿಗೆ ಕಂಕುಳಲ್ಲಿಟ್ಟುಕೊಂಡು, ಬೂಟು ಹೊರಗೆ ಬಿಟ್ಟು, ಪಡಸಾಲೆಯಲ್ಲಿ ನಿಂತೇ ಹೇಳಿಕೆ ಬರೆದುಕೊಂಡ. ಕುಂತ್ಕೋರಿ ಎಂದರೂ ಕೂರಲಿಲ್ಲ. ದೇವರ ಗೂಡಿನಿಂದ ಒಂದು ಫೋಟೋ ಜಪ್ತಾಯಿತು. ವಾದಿರಾಜ ಆ ಹೊತ್ತಿಗೆ ಠಾಣೆಯಲ್ಲಿ ಕುಳಿತು, ಕಳೆದ ವಾರದ ದೊಂಬಿಯ ಕಾಗದ ಓದುತ್ತಿದ್ದ. ಒಂದೇ ಹಾಳೆಯನ್ನು ಮೂರು ಸಲ ಓದಿದ.

ಕಾನ್‌ಸ್ಟೇಬಲ್ ಗುದ್ಲೆಪ್ಪ ಸೈಕಲ್ ತುಳಿದು ಸುತ್ತಿನ ಹಳ್ಳಿಗಳನ್ನೆಲ್ಲ ಅಡ್ಡಾಡಿ, 13ನೆಯ ತಾರೀಖು ಮಧ್ಯಾಹ್ನ ಆರು ಫೋಟೋ ತಂದ. ಕೊಡಲು ಹೆಂಗಸರು ಸುಲಭಕ್ಕೆ ಒಪ್ಪಿರಲಿಲ್ಲ. “ನನ್ನ ಕೂಸಿನ ಫೋಟೋ ಪೊಲೀಸರಿಗ್ಯಾಕ ಅಂತ ಕಸಬರಗಿ ತಗೊಂಡ್ಲು ಸಾಹೇಬ್ರ ಒಬ್ಬಾಕಿ,” ಎಂದ. ಮೇಜಿನ ಮೇಲೆ ಎಂಟು ಫೋಟೋ ಸಾಲಾಗಿ ಹಚ್ಚಿದರು. ಮೂರು ತಿಂಗಳ ಬಸುರಿಗೂ, ದಿನ ತುಂಬಿದವಳಿಗೂ, ಬಸುರೇ ಅಲ್ಲದೆ ಹೊಟ್ಟೆನೋವೆಂದು ಹೋಗಿದ್ದ ಒಬ್ಬ ಮುದುಕಿಗೂ ಒಂದೇ ಕೂಸು. ಮುದುಕಿಗೆ ಏನೆಂದು ಕೊಟ್ಟನಪ್ಪ ಎಂದು ಖಲಂದರ ಕೇಳಿದ. “‘ಮೊಮ್ಮಗ ಬರ್ತಾನ’ ಅಂದ್ನಂತ್ರಿ,” ಎಂದ ಗುದ್ಲೆಪ್ಪ.

ಆರರಲ್ಲಿ ಒಂದರ ಹಿಂಬದಿಗೆ ರಬ್ಬರ್ ಸ್ಟ್ಯಾಂಪು ಅರ್ಧ ಮೂಡಿತ್ತು. ಫೋಟೋ ಸ್ಟುಡಿಯೋ, ಸವಣೂರ ಎಂಬುದಿಷ್ಟು ಓದಲು ಬಂತು.

ಜೀಪು ಗ್ಯಾರೇಜಿನಲ್ಲಿತ್ತು. ಬಸ್ಸು ಬದಲಿಸಿ ವಾದಿರಾಜ ಮತ್ತು ಖಲಂದರ ಸವಣೂರು ಮುಟ್ಟಿದಾಗ ನಾಲ್ಕು ಗಂಟೆ. ಸ್ಥಳೀಯ ಠಾಣೆಗೆ ತಿಳಿಸಿ ಪೇಟೆಗೆ ಹೋದರು. ವೀಳ್ಯದೆಲೆಯ ಅಂಗಡಿಗಳ ಹಿಂದಿನ ಓಣಿಯಲ್ಲಿ ಸ್ಟುಡಿಯೋ. ಮಾಲಕ ಗಡ್ಡ ಬೆಳ್ಳಗಾದ ಮುದುಕ. ಫೋಟೋ ನೋಡಿದ ಕೂಡಲೆ ಗುರುತು ಹಿಡಿದ.

“ನಂದಽ ಪ್ರಿಂಟ್ರಿ. ತಿಂಗಳಿಗೆ ನಲವತ್ತು, ಐವತ್ತು ಒಯ್ತಾನ.”

“ಯಾರು?”

“ನಾಗಪ್ಪ ಅಂತ್ರಿ. ಹಿರೇಕೆರೂರಾಂವ. ಮೈಕ್ ಸೆಟ್ ಬಾಡಿಗಿ ಕೊಡ್ತಾನ.”

“ಇದು ಏನಂತ ಕೇಳಿದಿಲ್ಲೇನು?”

“ಕೇಳಿದ್ನಿರಿ. ಸಾಲಿ ಹುಡುಗರಿಗೆ ತೋರಿಸಾಕ ಅಂದ. ಮೊದಲ ಒಂದು ಫೋಟೋ ತಂದಿದ್ದ, ಅದರ ಮೂಲ್ಯಾಗ ಇಂಗ್ಲಿಷ್ನ್ಯಾಗ ಏನೋ ಹೆಸರಿತ್ತು. ಅದು ಬರಬಾರದು ಅಂದ. ಮೂಲಿಗೆ ಕರೀ ಕಾಗದ ಇಟ್ಟು, ಫೋಟೋದ ಫೋಟೋ ತಗದೆ.”

“ಹಣೀ ಮ್ಯಾಲಿನ ಬಿಳೀ ಗೆರಿ?”

ಮುದುಕ ನಾಚಿಕೊಂಡ. “ನೆಗೆಟಿವ್ ಮ್ಯಾಲೆ ಕೂದಲಾ ಕುಂತಿತ್ರಿ. ನನ್ನ ಗಡ್ಡದ್ದಽ ಇರಬೇಕು. ಕಣ್ಣು ಮೊದಲಿನಂಗ ಇಲ್ಲ.”

ನೆಗೆಟಿವ್ ಮತ್ತು ಹದಿನೇಳು ಪ್ರಿಂಟು ಜಪ್ತು ಮಾಡಿ, ಪಂಚನಾಮೆ ಬರೆದು ಇಬ್ಬರೂ ಹೊರಬಿದ್ದರು. ಖಲಂದರ ಎರಡು ಚಹಾ ಹೇಳಿದ. ವಾದಿರಾಜನ ಚಹಾ ಕೆನೆಗಟ್ಟಿತು.

“ಸಾಹೇಬ್ರ, ಮನ್ಯಾಗಿನ ಬಾಯಾರನ್ನ ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ. ಅವನ್ನ ನಾ ಹಿಡಕೊಂಡ ಬರ್ತೇನಿ.”

“ಹಿಡಿದ ಮ್ಯಾಲೆ ಹೋಗ್ತೀನಿ,” ಎಂದ ವಾದಿರಾಜ.

ನವೆಂಬರ್ 15, ಶನಿವಾರ. ಬೆಳಿಗ್ಗೆ 11-10ಕ್ಕೆ ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬಯಲಿನಲ್ಲಿ, ಬೇವಿನ ಗಿಡದ ಕೆಳಗೆ, ಬಿಳಿ ಮೆಟಡೋರ್ ನಿಂತಿತ್ತು. ಬದಿಗೆ ಕೆಂಪು ಬಣ್ಣದ ಪ್ಲಸ್ ಗುರುತು. ಹದಿಮೂರು ಹೆಂಗಸರು ಸಾಲು ಹಚ್ಚಿ ಕುಳಿತಿದ್ದರು. ವಾದಿರಾಜ ಪಂಚೆ ಅಂಗಿಯಲ್ಲಿದ್ದ. ಹಿಂಬದಿಯ ಪರದೆ ಸರಿಸಿ ಒಳಗೆ ನೋಡಿದ.

ಹಲಗೆಯ ಮೇಲೆ ಒಬ್ಬ ಬಸುರಿ ಕಣ್ಣು ಮುಚ್ಚಿ ಮಲಗಿದ್ದಳು. ತಲೆಯ ಹತ್ತಿರ ಹಸಿರು ಬಣ್ಣ ಬಳಿದ ತಗಡಿನ ಪೆಟ್ಟಿಗೆ, ಅದರೊಳಗೆ ಸಣ್ಣ ಟೀವಿ. ಏರಿಯಲ್ ಇಲ್ಲದ ಟೀವಿಯಲ್ಲಿ ಏನು ಬರುತ್ತದೋ ಅದೇ ಬರುತ್ತಿತ್ತು: ಬಿಳಿ ಕಪ್ಪು ಚುಕ್ಕೆಗಳ ಕುದಿತ. ಬಿಳಿ ಕೋಟು ತೊಟ್ಟ, ನಲವತ್ತರ ಬಡಕಲು ಮನುಷ್ಯನೊಬ್ಬ ಮದುವೆಮನೆಯ ಮೈಕನ್ನು ಸೀರೆಯ ಮೇಲೆ ಮೆಲ್ಲಗೆ ಸರಿಸುತ್ತಿದ್ದ. ಎಷ್ಟು ಮೆಲ್ಲಗೆಂದರೆ, ಒಳಗೆ ನಿಜವಾಗಿ ಯಾರೋ ಮಲಗಿದ್ದಾರೆ, ಎಬ್ಬಿಸಬಾರದು ಎಂಬಂತೆ.

“ಕೂಸು ಆರಾಮ ಐತಿ, ಯವ್ವಾ. ಏನೂ ಚಿಂತಿ ಮಾಡಬ್ಯಾಡ,” ಎಂದ.

ಹೆಂಗಸಿನ ಮುಖ ಸಡಿಲವಾಯಿತು. ಆ ಮುಖ ನೋಡಿ ವಾದಿರಾಜ ಅರೆಕ್ಷಣ ತಡೆದ. ಶಿಗ್ಗಾಂವಿಯಲ್ಲಿ ಇನ್ನೊಂದು ಮುಖವೂ ಹೀಗೆಯೇ ಆಗಿರಬೇಕು. ಆಮೇಲೆ ಒಳಗೆ ಕೈಹಾಕಿ ಮೈಕಿನ ವೈರು ಹಿಡಿದ.

“ಹೆಸರು?”

“ನಾಗಪ್ಪ.” ಆತ ಓಡಲಿಲ್ಲ, ಕೊಸರಾಡಲಿಲ್ಲ. “ಇಕೀನ್ನ ಎಬ್ಬಿಸಿ ಕಳಸ್ತೇನ್ರಿ, ಸಾಹೇಬ್ರ. ಮೆಟ್ಲು ಎತ್ತರ ಐತಿ.”

ಹೊರಗೆ ಗದ್ದಲವಾಯಿತು. ಹೆಂಗಸರು ಸಿಟ್ಟಾದದ್ದು ನಾಗಪ್ಪನ ಮೇಲಲ್ಲ, ಪೊಲೀಸರ ಮೇಲೆ. ಬೆಳಗಿನಿಂದ ಕುಳಿತವರು ಅವರು. ಖಲಂದರ ಗಂಟಲು ಹರಿಯುವ ಹಾಗೆ ಒದರಿ, ಇದು ಮಷೀನಲ್ಲ, ಟೀವಿ, ಯಾರಿಗಾದರೂ ರಕ್ತ ಹೋಗುತ್ತಿದ್ದರೆ ಈಗಿಂದೀಗ ಸರಕಾರಿ ದವಾಖಾನೆಗೆ ನಡೆಯಿರಿ ಎಂದು ತಿಳಿಸಿ ಹೇಳಿದ. ಇಬ್ಬರು ಎದ್ದು ಹೋದರು. ಹುಚ್ಚವ್ವ ಎಂಬೊಬ್ಬಳು ಮಾತ್ರ ಹಿರೇಕೆರೂರು ಠಾಣೆಯ ಜೀಪಿನ ತನಕ ಬಂದು, “ನಂದೊಂದ ನೋಡಿ ಹೇಳಿಬಿಡ್ಲಿ ತಡೀರಿ, ಆಮ್ಯಾಲೆ ಒಯ್ರಿ,” ಎಂದು ಕೈ ಮುಗಿದಳು.

ನಾಗಪ್ಪನ ಮನೆ ಅಲ್ಲಿಯೇ ಎರಡು ಓಣಿಯಾಚೆ. ಒಂದೇ ಖೋಲಿ. ಲೌಡ್‌ಸ್ಪೀಕರುಗಳು, ಬ್ಯಾಟರಿಗಳು, ವೈರಿನ ಸುರುಳಿಗಳು. ಹೆಂಗಸು ಇರುವ ಮನೆಯ ಗುರುತು ಯಾವುದೂ ಇರಲಿಲ್ಲ. ಶೋಧಿಸಿದಾಗ ಟ್ರಂಕಿನ ತಳದಿಂದ, ಹಸಿರು ಕುಪ್ಪಸದ ಮಡಿಕೆಯೊಳಗಿಂದ, ಮೂಲ ಫೋಟೋ ಸಿಕ್ಕಿತು. ಹಣೆಯ ಮೇಲೆ ಗೆರೆ ಇರಲಿಲ್ಲ. ಎಡಮೂಲೆ ಕಪ್ಪಾಗಿರಲಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ದಾನವ್ವ ಎಂದಿತ್ತು, ಕೆಳಗೆ 14-3-84.

ಸಂಜೆ ಆರಕ್ಕೆ ಹಾನಗಲ್ ಠಾಣೆಯಲ್ಲಿ ಹೇಳಿಕೆ ಶುರುವಾಯಿತು. ವಾದಿರಾಜ ಕೇಳಿದ, ಖಲಂದರ ಬರೆದುಕೊಂಡ.

“ದಾನವ್ವ ಯಾರು?”

“ನನ್ನ ಹೇಣ್ತಿರಿ.”

“ಫೋಟೋದಾಗಿನ ಕೂಸು?”

“ನಂದಽರಿ.”

ಖಲಂದರನ ಪೆನ್ನು ನಿಂತಿತು. ವಾದಿರಾಜ ಬರಕೋ ಎಂದು ಸನ್ನೆ ಮಾಡಿದ.

ನಾಗಪ್ಪ ಹೇಳಿದ್ದರ ಸಾರಾಂಶ ಹೀಗಿತ್ತು. ಆತ ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರರ ಸ್ಕ್ಯಾನಿಂಗ್ ಖೋಲಿಯ ಬಾಗಿಲಲ್ಲಿ ಕೆಲಸಕ್ಕಿದ್ದ. ಹೆಸರು ಕೂಗುವುದು, ಹೊಟ್ಟೆಗೆ ಹಚ್ಚಿದ ಜೆಲ್ಲಿ ಒರೆಸಲು ಅರಿವೆ ಕೊಡುವುದು. ಹೆಂಡತಿಗೆ ಐದು ತಿಂಗಳಾದಾಗ ಅಲ್ಲಿಯೇ ತೋರಿಸಿದ. ಕೂಸು ಆರಾಮ ಇದೆ ಎಂದು ಫೋಟೋ ಕೊಟ್ಟರು. ಎಂಟರಲ್ಲಿ ಮತ್ತೆ ತೋರಿಸಿದಾಗ, ಕೂಸಿನ ಗುಂಡಿಗೆ ನಿಂತಿದೆ ಎಂದು ಡಾಕ್ಟರು ಇದ್ದದ್ದನ್ನೇ ಹೇಳಿದರು. ಹೇಳಿದ್ದು ದಾನವ್ವನಿಗೆ ಕೇಳಿಸಿತು. ಅಂದಿನಿಂದ ಆಕೆ ಮಾತಾಡಲಿಲ್ಲ, ಅನ್ನ ಮುಟ್ಟಲಿಲ್ಲ. ಸತ್ತ ಕೂಸು ಹುಟ್ಟಿದ ಮೇಲೆ ಜ್ವರ ಬಂತು. ಒಂಬತ್ತನೆಯ ದಿನ ಹೋದಳು.

“ಜ್ವರಕ್ಕ ಅಂದ್ರು. ಅಲ್ರಿ. 'ಇಲ್ಲ' ಅನ್ನೋ ಮಾತಿಗೆ ಸತ್ಲು. ಬಾಗಲದಾಗ ನಿಂತು ಮೂರು ವರ್ಷ ನೋಡೇನ್ರಿ. ಆರಾಮ ಐತಿ ಅಂದ್ರ ಮಾರಿ ಹೆಂಗ ಅರಳತೈತಿ, ಇಲ್ಲ ಅಂದ್ರ ಹೆಂಗ ಕರ್ರಗ ಆಗತೈತಿ. ನಾ ಯಾರಿಗೂ ಇಲ್ಲ ಅಂದಿಲ್ರಿ. ಒಬ್ಬರಿಗೂ ಕೆಟ್ಟದ್ದು ಹೇಳಿಲ್ಲ. ಡೀಜೆಲ್ಲಿಗೆ ಅಂತ ಹತ್ತು ರೂಪಾಯಿ ತಗೊಂಡೇನಿ, ಅಷ್ಟಽ.”

“ಸಾವಂತ್ರವ್ವಗ ರಕ್ತ ಹೊಂಟಿತ್ತು. ಗಂಡ ನಿನಗ ಹೇಳಿದ್ನಿಲ್ಲೋ?”

“ಹೇಳಿದ್ನಿರಿ.”

“ಅಕೀ ಹೊಟ್ಟ್ಯಾಗ ಏನಾಗೇದಂತ ನಿನಗ ಗೊತ್ತಿತ್ತೇನು?”

“ನಂಗೆಂಗ ಗೊತ್ತಾಗಬೇಕ್ರಿ?”

“ಮತ್ತ ಆರಾಮ ಐತಿ ಅಂತ ಹೆಂಗ ಹೇಳಿದಿ?”

ನಾಗಪ್ಪ ತನ್ನ ಕೈ ನೋಡಿಕೊಂಡ. ಉತ್ತರವಿಲ್ಲ ಎಂದು ಖಲಂದರ ಬರೆದುಕೊಂಡ. 8-20ಕ್ಕೆ ಹೇಳಿಕೆ ಮುಗಿಯಿತು. ನಾಗಪ್ಪ ಹೇಳಿದ್ದು ವಾದಿರಾಜನಿಗೆ ಒಳಗೆಲ್ಲೂ ತಾಗಲಿಲ್ಲ. ಸಿಟ್ಟು ಬರುತ್ತದೆಂದು ಕಾದ. ಸಿಟ್ಟೂ ಬರಲಿಲ್ಲ, ಕನಿಕರವೂ ಬರಲಿಲ್ಲ. ಲಾಕಪ್ಪಿನ ಬೀಗ ಎರಡು ಸಲ ಜಗ್ಗಿ ನೋಡಿ ಮನೆಗೆ ಹೋದ.

ಭಾನುವಾರ ಬೆಳಿಗ್ಗೆ ವಾದಿರಾಜ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮನೆಯಲ್ಲಿ ಹಾಜರುಪಡಿಸಿದ. ಮಂಗಳವಾರ ಮೊದಲ ಬಸ್ಸಿಗೆ ಗಂಡಹೆಂಡತಿ ಹುಬ್ಬಳ್ಳಿಗೆ ಹೋದರು. ಡಾಕ್ಟರ್ ವಿಮಲಾಬಾಯಿ ಚೀಟಿ ಕೊಟ್ಟಿದ್ದರು. ದೊಡ್ಡ ದವಾಖಾನೆಯ ಕಟ್ಟೆಯ ಮೇಲೆ ಕುಳಿತು ಗೋಪಿಕಾಬಾಯಿ ತಂಬಿಗೆಯ ನೀರು ಕುಡಿದಳು, ಇನ್ನೊಂದು ತಂಬಿಗೆ ಕುಡಿದಳು, ತಡೆದುಕೊಂಡು ಮುಕ್ಕಾಲು ತಾಸು ಕುಳಿತಳು. ಒಳಗಿದ್ದವರು ವಯಸ್ಸಾದ ಗಂಡಸು ಡಾಕ್ಟರು. ಜೊತೆಗೆ ನರ್ಸಬಾಯಿ ನಿಂತಿದ್ದಳು. ಸೀರೆ ಸರಿಸಲು ಹೇಳಿದಾಗ ಗೋಪಿಕಾಬಾಯಿ ಮರುಮಾತಿಲ್ಲದೆ ಸರಿಸಿದಳು. ಜೆಲ್ಲಿ ತಣ್ಣಗಿತ್ತು.

ಡಾಕ್ಟರು ಮಾತಾಡದೆ ನೋಡಿದರು. ಆ ಹೊತ್ತಿನಲ್ಲಿ ವಾದಿರಾಜ ಗೋಡೆಯ ಕ್ಯಾಲೆಂಡರಿನ ತಾರೀಖುಗಳನ್ನು ಎಣಿಸುತ್ತ ನಿಂತಿದ್ದ. ಇಪ್ಪತ್ತಮೂರಕ್ಕೆ ಬಂದಾಗ ಡಾಕ್ಟರು ಕರೆದರು.

“ಇಲ್ಲಿ ನೋಡ್ರಿ. ಬಡ್ಕೊಳ್ಳಿಕತ್ತದಲ್ಲ, ಇದು ಗುಂಡಿಗಿ.”

ಬೂದು ಬೆಳಕಿನ ನಡುವೆ, ಅವರೆಕಾಳಿನಷ್ಟು ಜಾಗದಲ್ಲಿ, ಏನೋ ಮಿಟುಕುತ್ತಿತ್ತು. ಫೋಟೋದ ಕೂಸು ಎಂದೂ ಅಲುಗಿರಲಿಲ್ಲ. ಇದು ಅಲುಗುತ್ತಿತ್ತು.

ಗೋಪಿಕಾಬಾಯಿ ಕತ್ತು ತಿರುಗಿಸಿ ನೋಡಿದಳು. “ಇದು ಯಾರದ್ರಿ?” ಎಂದು ಕೇಳಿದಳು.

“ನಿಮ್ಮದಽ ತಾಯಿ. ಮತ್ತ್ಯಾರದು?”

ಆಕೆ ತಲೆಯಾಡಿಸಿದಳು. ನಂಬಿದವರು ಆಡಿಸುವ ಹಾಗೆ ಆಡಿಸಲಿಲ್ಲ. ಡಾಕ್ಟರು ಹೆಸರು, ತಾರೀಖು ಮೂಡಿದ ಫೋಟೋ ಕೊಟ್ಟರು, ರಿಪೋರ್ಟಿಗೆ ಸಹಿ ಹಾಕಿ ಕೊಟ್ಟರು, ಇಂದಿಗೆ ಎಲ್ಲ ಸರಿ ಇದೆ, ಮುಂದಿನದನ್ನು ಮಷೀನು ಹೇಳುವುದಿಲ್ಲ, ನೋವೋ ರಕ್ತವೋ ಕಂಡರೆ ಇದನ್ನು ನೋಡುತ್ತ ಕೂರದೆ ಬನ್ನಿರಿ ಎಂದರು. ಬಸ್ಸಿನಲ್ಲಿ ಲಕೋಟೆ ಗೋಪಿಕಾಬಾಯಿಯ ಮಡಿಲಲ್ಲಿ ಮುಚ್ಚಿಯೇ ಇತ್ತು. ಸಂತೋಷವಾಗಬೇಕಿತ್ತು ಎಂದು ವಾದಿರಾಜನಿಗೆ ಅನ್ನಿಸಿತು. ಹಾನಗಲ್ ಬರುವವರೆಗೂ ಅದರ ದಾರಿ ಕಾದ.

ಜಪ್ತಾದ ಮುದ್ದೆಮಾಲಿನ ಪಟ್ಟಿ ಮಾಡಿದ ದಿನ ನಾಗಪ್ಪನನ್ನು ಗುರುತಿಗೆಂದು ಠಾಣೆಗೆ ತಂದಿದ್ದರು. ಟೀವಿ ಒಂದು. ಮೈಕು ಒಂದು. ಬಿಳಿ ಕೋಟು ಒಂದು. ನೆಗೆಟಿವ್ ಒಂದು. ಫೋಟೋದ ಪ್ರತಿಗಳು ಇಪ್ಪತ್ತೈದು, ಅದರಲ್ಲಿ ಎರಡನೆಯದು ಪಿಎಸ್‌ಐ ಮನೆಯದು. ಮೂಲ ಫೋಟೋ ಒಂದು. ಎಲ್ಲದಕ್ಕೂ ಹೌದೆಂದು ಹೆಬ್ಬೆಟ್ಟು ಒತ್ತಿದ ಮೇಲೆ ನಾಗಪ್ಪ ಕೇಳಿದ.

“ಸಾಹೇಬ್ರ, ಆ ಕಡೀ ಫೋಟೋ ಕೇಸ್ ಮುಗದ ಮ್ಯಾಲೆ ಕೊಡ್ತೀರೇನ್ರಿ? ನನ್ನ ಕಡೆ ಮತ್ತೊಂದಿಲ್ಲ.”

“ಕೋರ್ಟಿಗೆ ಅರ್ಜಿ ಹಾಕು,” ಎಂದ ವಾದಿರಾಜ. ಪಟ್ಟಿ ಮಡಚಿಟ್ಟು, “ಖಲಂದರ ಬರದು ಕೊಡ್ತಾನ,” ಎಂದ.

ಅಂದು ಮನೆಯಲ್ಲಿ ಗೋಪಿಕಾಬಾಯಿ ತಟ್ಟೆ ಹಾಕಿದಳು. ದೇವರ ಗೂಡಿನಲ್ಲಿ ಫೋಟೋ ಇದ್ದ ಜಾಗ ಖಾಲಿಯೇ ಇತ್ತು. ಹುಬ್ಬಳ್ಳಿಯ ಲಕೋಟೆಯನ್ನು ಆಕೆ ಟ್ರಂಕಿನಲ್ಲಿಟ್ಟಿದ್ದಳು.

“ಆ ಫೋಟೋದಾಗಿನ ಕೂಸು ಯಾರದಂತ ಗೊತ್ತಾತೇನ್ರಿ?”

“ಅವಂದಽ. ನಾಗಪ್ಪಂದು.”

ಬಡಿಸುತ್ತಿದ್ದ ಕೈ ನಿಂತಿತು. “ಈಗ ಎಷ್ಟು ದೊಡ್ಡದದ?”

“ಇಲ್ಲ. ಹೊಟ್ಟ್ಯಾಗ ಹೋಗಿತ್ತು. ತಾಯೀನೂ ಹೋದ್ಲು.”

ಗೋಪಿಕಾಬಾಯಿ ಸೌಟನ್ನು ಪಾತ್ರೆಯೊಳಗೆ ಇಟ್ಟಳು. “ಹದಿನೈದು ದಿವಸ ಅದಕ್ಕ ದೀಪಾ ಹಚ್ಚೀನ್ರೀ,” ಎಂದಳು. ಎಂದೂ ಅಳದವಳು ಅಂದೂ ಅಳಲಿಲ್ಲ. ಮತ್ತೆ ಸೌಟು ಎತ್ತಿ ಅನ್ನಕ್ಕೆ ಸಾರು ಹಾಕಿ, “ಊಟಾ ಮಾಡ್ರಿ, ಆರತದ,” ಎಂದಳು.